43 ನಿಮಿಷದ ರೈಲು, ಎರಡು ತುದಿಗೂ ಎಂಜಿನ್: ಪಕ್ಕದ್ಮನೆ ತಾತ ಹೇಳಿದ್ದು ನಿಜಾನಾ?

ಪ್ರಶ್ನೆ: ಸರ್, ನಾವು ನಾಲ್ಕು ವರ್ಷದಿಂದ ಎಡಿನ್‌ಬರಾದಲ್ಲಿ ಇದೀವಿ. ಪಕ್ಕದ್ಮನೆ ತಾತ ಒಬ್ರು ನನ್ನ ಮಗನಿಗೆ ತಮ್ಮ ಹಳೇ ಮಾಡೆಲ್ ಟ್ರೈನ್ ಸೆಟ್ ಕೊಟ್ಟಿದಾರೆ, ಕ್ಲಾಸ್ 27 ಅನ್ನೋ ಡೀಸೆಲ್ ಎಂಜಿನ್ ಒಂದು, ನೀಲಿ-ಬೂದು ಬಣ್ಣದ ಬೋಗಿ ಆರು. ಹಿಂದಿನ ತುದಿಗೆ ಇನ್ನೊಂದು ಎಂಜಿನ್ ಇಲ್ಲದಿದ್ರೆ ಇದು ಸರಿಯಾದ ಟ್ರೈನೇ ಅಲ್ಲ ಅಂತಾರೆ. 1971ರಲ್ಲೇ ಎಡಿನ್‌ಬರಾದಿಂದ ಗ್ಲಾಸ್ಗೋಗೆ 43 ನಿಮಿಷಕ್ಕೆ ಹೋಗ್ತಿದ್ವಿ, ಅಬರ್ಡೀನ್‌ಗೆ ಸ್ಟೀಮ್ ಎಂಜಿನ್ನೇ ಮೂರು ಗಂಟೆಲಿ ಮುಟ್ಟಿಸ್ತಿತ್ತು, ಈಗಿನ ಕರೆಂಟ್ ಟ್ರೈನ್ ಏನ್ ಮಹಾ ಅಂತಾನೂ ಹೇಳ್ತಾರೆ. ನಾನು ಗ್ಲಾಸ್ಗೋಗೆ ಹೋದಾಗೆಲ್ಲ ಹೆಚ್ಚುಕಮ್ಮಿ 50 ನಿಮಿಷ ಹಿಡಿಯುತ್ತೆ. ಇದೆಲ್ಲ ನಿಜಾನಾ, ಇಲ್ಲಾ ಅಜ್ಜನ ಕಾಲದ ತುಪ್ಪದ ಕಥೆನಾ? ಆಗೆಲ್ಲ ಎಷ್ಟು ಬೋಗಿ, ಎಷ್ಟು ಸ್ಪೀಡ್ ಇರ್ತಿತ್ತು?

ಉತ್ತರ: ತಾತ ಹೇಳಿದ್ದು ಮೂರಕ್ಕೆ ಮೂರೂ ನಿಜ. ಎರಡು ತುದಿಗೂ ಎಂಜಿನ್ ಇತ್ತು, 43 ನಿಮಿಷ ಆಗ್ತಿತ್ತು, ಗ್ಲಾಸ್ಗೋದಿಂದ ಅಬರ್ಡೀನ್‌ಗೆ ಸ್ಟೀಮ್ ಗಾಡಿ ಮೂರು ಗಂಟೆದೂ ನಿಜ. ಆದ್ರೆ "ಈಗಿನದು ಏನ್ ಮಹಾ" ಅನ್ನೋದಕ್ಕೆ ಮಾತ್ರ ನಾನು ಪೂರ್ತಿ ಹೂಂ ಅನ್ನಲ್ಲ, ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಹಳೇ ರೈಲು ಎಷ್ಟು ಸ್ಪೀಡ್ ಹೋಗ್ತಿತ್ತು ಅಂತ ಎಲ್ರೂ ಕೇಳೋದು, ಆದ್ರೆ ಯಾರೂ ಅದರ ಹಿಂದೆ ಎಷ್ಟು ಬೋಗಿ ಇತ್ತು ಅಂತ ಕೇಳಲ್ಲ. ನಾನು ಹುಬ್ಬಳ್ಳಿ ಕಡೆ ರೈಲ್ವೆ ಆಪರೇಟಿಂಗಲ್ಲಿ ವರ್ಷಗಟ್ಟಲೆ ಇದ್ದೋನು, ಕ್ಯಾಸಲ್‌ರಾಕ್ ಘಾಟಲ್ಲಿ 37 ಅಡಿಗೆ 1 ಅಡಿ ಏರಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಒದರಿಕೊಂಡು ತಳ್ಳೋದನ್ನ ನೋಡಿ ನೋಡಿ ನನಗೆ ಒಂದು ಅಭ್ಯಾಸ ಆಗೋಗಿದೆ, ಯಾವ ಗಾಡಿ ಬಗ್ಗೆ ಯಾರು ಏನೇ ಹೇಳಿದ್ರೂ ಮೊದ್ಲು "ಲೋಡ್ ಎಷ್ಟು" ಅಂತ ಕೇಳೋದು. ಸ್ಕಾಟ್ಲೆಂಡ್‌ನ ಮೇನ್ ಲೈನ್‌ಗಳ ಕಥೆ ಅಷ್ಟೂ ಈ ಒಂದು ಪ್ರಶ್ನೆ ಒಳಗೇ ಇದೆ.

ನಿಮ್ಮ ಎಡಿನ್‌ಬರಾ–ಗ್ಲಾಸ್ಗೋ ಲೈನೇ ತಗೊಳ್ಳಿ. ಎಡಿನ್‌ಬರಾದ ವೇವರ್ಲಿ ಸ್ಟೇಷನ್ನಿಂದ ಫಾಲ್ಕರ್ಕ್ ಹೈ ಮೇಲೆ ಗ್ಲಾಸ್ಗೋದ ಕ್ವೀನ್ ಸ್ಟ್ರೀಟ್ ಸ್ಟೇಷನ್ನಿಗೆ ಸುಮಾರು 47 ಮೈಲಿ, ಅಂದ್ರೆ 76 ಕಿಲೋಮೀಟರ್. 1842ರಲ್ಲಿ ಓಪನ್ ಆಗಿದ್ದು, ಜಾನ್ ಮಿಲ್ಲರ್ ಅನ್ನೋ ಎಂಜಿನಿಯರ್ ಇದನ್ನ ಆದಷ್ಟು ಸಪಾಟಾಗಿ ಕಟ್ಟಿದ, ಗುಡ್ಡ ಬಂದ್ರೆ ಕಡಿದ, ಹೊಳೆ ಬಂದ್ರೆ ಕಮಾನು ಮೇಲೆ ದಾಟಿಸಿದ, ಆಮಂಡ್ ಹೊಳೆ ಮೇಲಿನ ಸೇತುವೆಗೆ 36 ಕಮಾನು ಇದೆ, ಕಿಟಕಿ ಪಕ್ಕ ಕೂತ್ರೆ ಗೊತ್ತೇ ಆಗಲ್ಲ, ದೂರದಿಂದ ನೋಡ್ಬೇಕು. ಇಷ್ಟೆಲ್ಲ ಮಾಡಿ ಕೊನೇಲಿ ಗ್ಲಾಸ್ಗೋ ಹತ್ರ ಬಂದಾಗ ಮಾತ್ರ ಬೇರೆ ದಾರಿ ಇಲ್ದೆ ಒಂದೇ ಸಲ ಕೆಳಗೆ ಇಳಿಸಿಬಿಟ್ಟಿದಾರೆ, ಅದೇ ಕೌಲೇರ್ಸ್ ಇಳಿಜಾರು, ಒಂದೂವರೆ ಮೈಲಿ ಉದ್ದ, 40ಕ್ಕೆ 1ರ ಹತ್ರ ಇಳಿಜಾರು, ಅದರಲ್ಲಿ ಒಂದಷ್ಟು ಸುರಂಗದೊಳಗೆ. ಕ್ವೀನ್ ಸ್ಟ್ರೀಟ್‌ನಿಂದ ಹೊರಡೋ ಗಾಡಿ ಪ್ಲಾಟ್‌ಫಾರ್ಮ್ ಬಿಡ್ತಿದ್ದ ಹಾಗೇ ಹತ್ತೋಕೆ ಶುರು ಮಾಡ್ಬೇಕು. 1909ರ ತನಕ ಇಲ್ಲಿ ಎಂಜಿನ್ ಒಂದೇ ಎಳೀತಿರ್ಲಿಲ್ಲ, ಮೇಲೆ ಕೌಲೇರ್ಸಲ್ಲಿ ಕೂತಿದ್ದ ಒಂದು ದೊಡ್ಡ ಸ್ಟೀಮ್ ಮಷೀನ್ ಹಗ್ಗ ಸುತ್ತಿ ಸುತ್ತಿ ಇಡೀ ಟ್ರೈನ್ ಮೇಲಕ್ಕೆ ಎಳ್ಕೊಳ್ತಿತ್ತು, ಬಾವಿಯಿಂದ ಕೊಡ ಸೇದಿದ ಹಾಗೆ. ಮೇಲೆ ಬಂದ್ಮೇಲೆ ಓಡ್ತಾ ಇರೋವಾಗ್ಲೇ ಹಗ್ಗ ಕಳಚಿ ಬೀಳ್ತಿತ್ತು. ಅದಾದ್ಮೇಲೆ ಡೀಸೆಲ್ ಬರೋ ತನಕ ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ತಿತ್ತು. ಅಂದ್ರೆ ನೋಡಿ, ಈ ಲೈನಲ್ಲಿ ಹಿಂದಿನಿಂದ ತಳ್ಳೋದು 1971ರ ಹೊಸ ಐಡಿಯಾ ಏನಲ್ಲ.

1957ರಲ್ಲಿ ಇಲ್ಲಿ ಸ್ಟೀಮ್ ತೆಗೆದು ಸ್ವಿಂಡನ್‌ನಲ್ಲಿ ಕಟ್ಟಿದ ಡೀಸೆಲ್ ರೈಲ್‌ಕಾರ್ ಹಾಕಿದ್ರು, ಆರು ಬೋಗಿ, ನಡುವೆ ಬಫೆ, ಟಾಪ್ ಸ್ಪೀಡ್ 70 ಮೈಲಿ. (ಇಲ್ಲಿಂದ ಮುಂದೆ ಸ್ಪೀಡ್ ಮಾತು ಬಂದಾಗೆಲ್ಲ ಮೈಲಿ ಅಂದ್ರೆ ಗಂಟೆಗೆ ಮೈಲಿ ಅಂತ ಓದ್ಕೊಳ್ಳಿ, ಆ ದೇಶದಲ್ಲಿ ಈಗ್ಲೂ ರೈಲಿನ ಬೋರ್ಡ್ ಎಲ್ಲ ಮೈಲಿಲೇ ಇರೋದು, 70 ಅಂದ್ರೆ ನಮ್ಮ 113 ಕಿಮೀ.) ಅದರಲ್ಲಿ ಒಂದು ತಮಾಷೆ ಇತ್ತು, ಮೂರು ಮೂರು ಬೋಗಿ ಸೆಟ್ ಎರಡು ಸೇರಿಸ್ದಾಗ ನಡುವೆ ಬರೋ ಡ್ರೈವರ್ ಕ್ಯಾಬಿನ್ ಅರ್ಧ ಅಗಲ ಮಾತ್ರ ಇರ್ತಿತ್ತು, ಪಕ್ಕದಲ್ಲಿ ಜನ ಓಡಾಡೋ ದಾರಿ, ಹಂಗಾಗಿ ಪೂರ್ತಿ ಟ್ರೈನಲ್ಲಿ ಆ ತುದಿಯಿಂದ ಈ ತುದಿಗೆ ನಡೀಬಹುದಿತ್ತು. ಹೊಸದರಲ್ಲಿ ಜನ ಖುಷಿ ಪಟ್ರು, ಆದ್ರೆ ಹತ್ತು-ಹನ್ನೆರಡು ವರ್ಷ ಆಗೋಷ್ಟರಲ್ಲಿ ಅವು ದಣಿದವು, ಅಷ್ಟರಲ್ಲಿ ಪಕ್ಕದಲ್ಲೇ ಎಂ8 ಮೋಟರ್‌ವೇ ಬೆಳೀತಾ ಇತ್ತು, ಕಾರಿನವರನ್ನ ರೈಲಿಗೆ ಕರೀಬೇಕು ಅಂದ್ರೆ 70 ಮೈಲಿ ಗಾಡಿ ಸಾಲಲ್ಲ.

ಆಗ ಬ್ರಿಟಿಷ್ ರೈಲ್ ಹತ್ರ ಇದಕ್ಕೆ ಅಂತಲೇ ಹೊಸ ಗಾಡಿ ಕಟ್ಟೋಕೆ ದುಡ್ಡಿರ್ಲಿಲ್ಲ. ಇದ್ದದ್ದು ಏನು? ಕ್ಲಾಸ್ 27. 1961-62ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ರ ಕಟ್ಟಿದ 1,250 ಎಚ್‌ಪಿಯ ಮಧ್ಯಮ ಗಾತ್ರದ ಡೀಸೆಲ್, ಗೂಡ್ಸೂ ಎಳೀತಿತ್ತು, ಪ್ಯಾಸೆಂಜರೂ ಎಳೀತಿತ್ತು, ಯಾವುದಕ್ಕೂ ಹೆಸರು ಮಾಡಿದ್ದಲ್ಲ. ಒಂದೇ ಎಂಜಿನ್ ಆರು ಬೋಗಿ ಎಳೆದ್ರೆ 90 ಮೈಲಿ ಮುಟ್ಟೋಕೆ ಅರ್ಧ ದಾರಿ ಬೇಕು. ಎರಡು ಎಂಜಿನ್ ಮುಂದೆನೇ ಹಾಕ್ಬಹುದು, ಆದ್ರೆ ಕ್ವೀನ್ ಸ್ಟ್ರೀಟ್ ಇದೆಯಲ್ಲ, ಅದು ಸಂದಿಯೊಳಗಿನ ಸ್ಟೇಷನ್, ಪ್ಲಾಟ್‌ಫಾರ್ಮ್ ಗಿಡ್ಡ, ಒಂದು ಕಡೆ ಊರಿನ ಚೌಕ, ಇನ್ನೊಂದು ಕಡೆ ಸೀದಾ ಸುರಂಗದ ಬಾಯಿ. ಗಾಡಿ ಒಳಗೆ ಬಂದ್ಮೇಲೆ ಮುಂದಿನ ಎಂಜಿನ್ ಗೋಡೆಗೆ ಮುಖ ಕೊಟ್ಟು ಸಿಕ್ಕಾಕೊಳ್ಳುತ್ತೆ, ಇನ್ನೊಂದು ಎಂಜಿನ್ ಹಿಂದಿನಿಂದ ಬಂದು ಬೋಗಿ ಎಳ್ಕೊಂಡು ಹೋಗೋ ತನಕ ಅದು ಹೊರಗೆ ಬರೋ ಹಾಗಿಲ್ಲ. ಅರ್ಧ ಗಂಟೆಗೊಂದು ಗಾಡಿ ಬಿಡೋ ಕಡೆ ಈ ಶಂಟಿಂಗ್ ಆಟ ನಡಿಯಲ್ಲ.

ಅದಕ್ಕೆ 1971ರ ಮೇ ತಿಂಗಳಿಂದ ಮುಂದೊಂದು 27, ಹಿಂದೊಂದು 27, ನಡುವೆ ಮಾರ್ಕ್ 2 ಅನ್ನೋ ಮಾದರಿಯ ಆರು ಬೋಗಿ. ಬೋಗಿಗಳ ಉದ್ದಕ್ಕೂ ಕಂಟ್ರೋಲ್ ವೈರ್ ಎಳೆದಿದ್ರು, ಮುಂದಿನ ಡ್ರೈವರ್ ಒಬ್ಬನೇ ಎರಡೂ ಎಂಜಿನ್ ನಡೆಸ್ತಿದ್ದ, ಮುಂದಿನದು ಎಳೆಯುತ್ತೆ ಹಿಂದಿನದು ತಳ್ಳುತ್ತೆ. ಗ್ಲಾಸ್ಗೋ ಮುಟ್ಟಿದ್ರೆ ಡ್ರೈವರ್ ಬ್ಯಾಗ್ ಎತ್ಕೊಂಡು ಪ್ಲಾಟ್‌ಫಾರ್ಮಲ್ಲಿ ನಡ್ಕೊಂಡು ಆ ತುದಿಗೆ ಹೋದ್ರೆ ಮುಗೀತು, ಗಾಡಿ ರೆಡಿ. ಈಗ ಲೆಕ್ಕ ನೋಡಿ: ಎರಡು ಎಂಜಿನ್ ಸೇರಿ 2,500 ಎಚ್‌ಪಿ, ಬೋಗಿ ಒಂದೊಂದು 33 ಟನ್ ಅಂದ್ರೆ ಆರಕ್ಕೆ 200 ಟನ್, ಎಂಜಿನ್ ಎರಡೂ ಸೇರಿ 145 ಟನ್ ಹತ್ರ. ಟನ್ನಿಗೆ 7 ಎಚ್‌ಪಿ ಮೇಲೆ ಬಂತು. ಆ ಕಾಲಕ್ಕೆ ಲೋಕೋ ಎಳೆಯೋ ಗಾಡಿಗೆ ಇದು ಒಳ್ಳೇ ಲೆಕ್ಕ. ಟಾಪ್ ಸ್ಪೀಡ್ 90 ಮೈಲಿ ಅಂದ್ರೆ 145 ಕಿಮೀ, 47 ಮೈಲಿ 43 ನಿಮಿಷಕ್ಕೆ ಅಂದ್ರೆ ಸರಾಸರಿ 66 ಮೈಲಿ. ಹೊರಡೋದು, ಕೌಲೇರ್ಸ್ ಹತ್ತೋದು, ಎಡಿನ್‌ಬರಾದ ಹೇಮಾರ್ಕೆಟ್ ಸ್ಟೇಷನ್ ಹತ್ರ ನಿಧಾನ ಆಗೋದು ಎಲ್ಲ ಸೇರಿಸಿ 66. ನಿಮ್ಮ ತಾತನಿಗೆ ಅದರ ಮೇಲೆ ಅಷ್ಟು ಅಭಿಮಾನ ಇರೋದ್ರಲ್ಲಿ ತಪ್ಪೇನಿಲ್ಲ.

ಆದ್ರೆ ಅವರು ನಿಮಗೆ ಹೇಳದೇ ಇರೋದು ಒಂದಿದೆ. ಆ ಎಂಜಿನ್‌ಗಳು ಈ ಕೆಲಸಕ್ಕೆ ಹುಟ್ಟಿದ್ದಲ್ಲ. ದಿನವಿಡೀ ಫುಲ್ ಪವರ್, ದಿನವಿಡೀ 90 ಮೈಲಿ, ಗದಗದ ಅಂತ ಅದುರಿ ಅದುರಿ ಎಲ್ಲೆಲ್ಲೋ ಬಿರುಕು, ಎಲ್ಲೆಲ್ಲೋ ಲೀಕ್. ಬೋಗಿ ಬೆಚ್ಚಗಿಡೋಕೆ ಅಂತ ಕೆಲವು ಎಂಜಿನ್ನಲ್ಲಿ ಸ್ಟೀಮ್ ಬಾಯ್ಲರ್ ತೆಗೆದು ಸಪರೇಟಾಗಿ ಪುಟ್ಟ ಡೀಸೆಲ್ ಜನರೇಟರ್ ಕೂರಿಸಿದ್ರು, ಅದು ಕಿವಿ ಹರಿಯೋ ಹಾಗೆ ಕಿರುಚ್ತಿತ್ತು, ಬೆಂಕಿ ಹತ್ಕೊಂಡಿದ್ದೂ ಉಂಟು. ಒಂದು ಎಂಜಿನ್ ಕೈಕೊಟ್ರೆ ಇನ್ನೊಂದು ಹೆಂಗೋ ಗಾಡಿ ಮುಟ್ಟಿಸ್ತಿತ್ತು ಅನ್ನೋದೊಂದೇ ಸಮಾಧಾನ. ಎತ್ತಿನ ಗಾಡಿಗೆ ಕಟ್ಟೋ ಎತ್ತನ್ನ ರೇಸಿಗೆ ಬಿಟ್ಟ ಹಾಗೆ, ಓಡಿದವು, ಚೆನ್ನಾಗೇ ಓಡಿದವು, ಆದ್ರೆ ಸಂಜೆ ಕೊಟ್ಟಿಗೆಲಿ ನೋಡೋಕೆ ಆಗ್ತಿರ್ಲಿಲ್ಲ.

1979ರಿಂದ ಬಂದಿದ್ದು ಇನ್ನೂ ಜಾಣತನದ ಏರ್ಪಾಟು, ಕ್ಲಾಸ್ 47/7. ಒಂದೇ ದೊಡ್ಡ ಎಂಜಿನ್, 2,580 ಎಚ್‌ಪಿ, ಅಂದ್ರೆ ಎರಡು 27 ಸೇರಿದ್ರೆ ಆಗೋಷ್ಟು, ಮೊದ್ಲು ಹನ್ನೆರಡು ಎಂಜಿನ್ ತಯಾರು ಮಾಡಿದ್ರು. ಇನ್ನೊಂದು ತುದಿಲಿ ಎಂಜಿನ್ ಬದ್ಲು ಒಂದು ಬೋಗಿಗೇ ಡ್ರೈವರ್ ಕ್ಯಾಬಿನ್ ಕೂರಿಸಿದ್ರು, ಹಳೇ ಮಾರ್ಕ್ 2 ಬೋಗಿನೇ ಮಾರ್ಪಾಡು ಮಾಡಿದ್ದು. ನಡುವೆ ಹೊಸ ಮಾರ್ಕ್ 3 ಬೋಗಿ. ಗ್ಲಾಸ್ಗೋ ಕಡೆ ಹೋಗೋವಾಗ ಕ್ಯಾಬಿನ್ ಬೋಗಿ ಮುಂದೆ, ಎಂಜಿನ್ ಹಿಂದಿನಿಂದ ತಳ್ಳುತ್ತೆ, ವಾಪಸ್ ಬರೋವಾಗ ಎಳೆಯುತ್ತೆ. ಹೊಸ ವೈರ್ ಎಳೆಯೋ ಖರ್ಚು ಬೇಡ ಅಂತ ಬೋಗಿ ಲೈಟಿನ ವೈರ್ ಮೇಲೆನೇ ಕಂಟ್ರೋಲ್ ಸಿಗ್ನಲ್ ಕಳಿಸೋ ಸಿಸ್ಟಮ್ ಮಾಡಿದ್ರು, ನನ್ನ ಪ್ರಕಾರ ಆ ಕಾಲದ ಅತ್ಯಂತ ಚಂದದ ಕೆಲಸ ಅದು. ಸ್ಪೀಡ್ ಮೊದ್ಲು 95 ಮೈಲಿ, ಆಮೇಲೆ 100.

ಈ ಮಾತು ಬಂದ್ಮೇಲೆ ಇದೇ ಲೈನಿನ ಪೋಲ್ಮಂಟ್ ಅಪಘಾತದ ಬಗ್ಗೆ ಹೇಳದೇ ಇರೋಕೆ ಆಗಲ್ಲ. 1984ರ ಜುಲೈ 30ರ ಸಂಜೆ, ಎಡಿನ್‌ಬರಾದಿಂದ ಐದೂವರೆಗೆ ಹೊರಟ ಗಾಡಿ, ಕ್ಯಾಬಿನ್ ಬೋಗಿ ಮುಂದಿತ್ತು, 85 ಮೈಲಿ ಸ್ಪೀಡಲ್ಲಿ ಹಳಿ ಮೇಲೆ ಬಂದಿದ್ದ ಒಂದು ಹಸುಗೆ ಹೊಡೀತು. ಮುಂದಿನ ಬೋಗಿ ಹಗುರ, ಅದು ಹಳಿ ಬಿಟ್ಟು ಎದ್ದುಬಿಡ್ತು, 13 ಜನ ಹೋದ್ರು, 61 ಜನಕ್ಕೆ ಗಾಯ. ಮುಂದೆ 120 ಟನ್ ಎಂಜಿನ್ ಇದ್ದಿದ್ರೆ ಏನಾಗ್ತಿತ್ತು ಅನ್ನೋ ವಾದ ಆಗ ಬಹಳ ನಡೀತು. ಆಮೇಲೆ ಆ ಬೋಗಿಗಳ ಮುಂದೆ ನೇಗಿಲಿನ ಹಾಗಿರೋ ಉಕ್ಕಿನ ಗಾರ್ಡ್ ಹಾಕಿದ್ರು. ಹಾಗಾಗಿ ನಿಮ್ಮ ಮಗ ಮುಂದೆ ಎಂದಾದ್ರೂ 47/7 ಮಾಡೆಲ್ ಕೇಳಿದ್ರೆ, ಕ್ಯಾಬಿನ್ ಬೋಗಿ ಮುಂದೆ ಆ ಗಾರ್ಡ್ ಇದ್ಯಾ ನೋಡಿ, ಇದ್ರೆ ಅದು 1984 ಆದ್ಮೇಲಿನ ಗಾಡಿ.

ಈಗ ನಿಮ್ಮ 50 ನಿಮಿಷದ ವಿಷಯ. 1990ರಲ್ಲಿ ಕ್ಲಾಸ್ 158 ಬಂತು, ಎರಡೆರಡು ಬೋಗಿ ಸೆಟ್, 90 ಮೈಲಿ. 1999ರಿಂದ 170 ಬಂತು, ಮೂರು ಬೋಗಿ, 100 ಮೈಲಿ. 2017ರ ಡಿಸೆಂಬರಲ್ಲಿ ಕರೆಂಟ್ ಗಾಡಿ ಓಡೋಕೆ ಶುರು ಆಯ್ತು, 2018ರಿಂದ ಹಿಟಾಚಿಯ ಕ್ಲಾಸ್ 385, ಅದೂ 100 ಮೈಲಿ. ಇಷ್ಟೆಲ್ಲ ಆದ್ಮೇಲೆ ತೀರಾ ಫಾಸ್ಟ್ ಗಾಡಿ ಟೈಮ್ ಎಷ್ಟು ಅಂದ್ಕೊಂಡ್ರಿ? 42 ನಿಮಿಷ. ಹೂಂ, ಅರ್ಧ ಶತಮಾನಕ್ಕೆ ಒಂದು ನಿಮಿಷ ಉಳಿತಾಯ. ತಾತ ನಗದೇ ಇನ್ನೇನ್ ಮಾಡ್ತಾರೆ.

ಆದ್ರೆ ಇಲ್ಲಿ ಒಂದು ಚಿಕ್ಕ ಲೆಕ್ಕ ಮಾಡೋಣ. 47 ಮೈಲಿಲಿ ಫುಲ್ ಸ್ಪೀಡ್ ಹೋಗೋಕೆ ಸಿಗೋದು 30 ಮೈಲಿ ಅಂತ ಇಟ್ಕೊಳ್ಳಿ. 90ರಲ್ಲಿ ಅದಕ್ಕೆ 20 ನಿಮಿಷ, 100ರಲ್ಲಿ 18 ನಿಮಿಷ. ಟಾಪ್ ಸ್ಪೀಡ್ 10 ಮೈಲಿ ಏರಿಸಿದ್ರೆ ಉಳಿಯೋದು ಎರಡೇ ನಿಮಿಷ. ಅದೇ ನಡುವೆ ಒಂದು ಸ್ಟಾಪ್ ಕೊಟ್ರೆ, ಬ್ರೇಕ್ ಹಾಕಿ ನಿಂತು ಜನ ಹತ್ತಿ ಇಳಿದು ಮತ್ತೆ ಸ್ಪೀಡ್ ಹಿಡಿಯೋಕೆ ಮೂರು ನಿಮಿಷ ಹೋಗುತ್ತೆ. ನೀವು ಹೋಗೋ ಗಾಡಿ ಲಿನ್‌ಲಿತ್‌ಗೋನೋ ಪೋಲ್ಮಂಟೋ, ಫಾಲ್ಕರ್ಕ್ ಹೈ, ಕ್ರಾಯ್ ಅಂತ ನಿಂತ್ಕೊಂಡು ನಿಂತ್ಕೊಂಡು ಹೋಗುತ್ತೆ, ಮೊದ್ಲು ಅರ್ಧ ಗಂಟೆಗೊಂದು ಇದ್ದಿದ್ದು ಈಗ ಹಗಲೆಲ್ಲ ಕಾಲು ಗಂಟೆಗೊಂದು ಇದೆ, ಲೇಟ್ ಆಗದೇ ಇರ್ಲಿ ಅಂತ ಟೈಮ್‌ಟೇಬಲ್ ಒಳಗೆ ಅಲ್ಲಲ್ಲಿ ಒಂದೊಂದು ನಿಮಿಷ ಬಚ್ಚಿಟ್ಟಿರ್ತಾರೆ. ಪ್ಲಾಟ್‌ಫಾರ್ಮಲ್ಲಿ ಸರಾಸರಿ 15 ನಿಮಿಷ ಕಾದು 43 ನಿಮಿಷ ಪ್ರಯಾಣ ಮಾಡೋದು ಒಳ್ಳೇದಾ, ಏಳೂವರೆ ನಿಮಿಷ ಕಾದು 50 ನಿಮಿಷ ಪ್ರಯಾಣ ಮಾಡೋದು ಒಳ್ಳೇದಾ? ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಲೆಕ್ಕ ಹಾಕಿದ್ರೆ ಎರಡೂ ಒಂದೇ, ನೀವೇ ಗೆದ್ರಿ ಅಂದ್ರೂ ತಪ್ಪಿಲ್ಲ. ಇನ್ನೊಂದು, ಈಗಿನ ಗಾಡಿ ಎಂಟು ಬೋಗಿ ತನಕ ಓಡ್ಬೇಕು ಅಂತಲೇ ಕ್ವೀನ್ ಸ್ಟ್ರೀಟ್ ಸ್ಟೇಷನ್ ಒಡೆದು ಪ್ಲಾಟ್‌ಫಾರ್ಮ್ ಉದ್ದ ಮಾಡಿದ್ರು. ಅಲ್ಲಿ ತನಕ ಎಷ್ಟು ಬೋಗಿ ಅನ್ನೋದನ್ನ ತೀರ್ಮಾನ ಮಾಡ್ತಿದ್ದಿದ್ದು ಎಂಜಿನ್ ಅಲ್ಲ, ಆ ಸುರಂಗದ ಬಾಯಿ.

ಅಬರ್ಡೀನ್‌ಗೆ ಬರೋಣ. ಇದು ನನಗೆ ಬಹಳ ಇಷ್ಟದ ಕಥೆ. 1960ರ ಹೊತ್ತಿಗೆ ಗ್ಲಾಸ್ಗೋ–ಅಬರ್ಡೀನ್ ಎಕ್ಸ್‌ಪ್ರೆಸ್‌ಗಳನ್ನ ಡೀಸೆಲ್ ಮಾಡ್ಬೇಕು ಅಂತ ಪ್ಲಾನ್, ಅದಕ್ಕೆ ಇಟ್ಟಿದ್ದು ಗ್ಲಾಸ್ಗೋದಲ್ಲೇ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ ಕಟ್ಟಿದ ಟೈಪ್ 2, ಅಂದ್ರೆ ಮಧ್ಯಮ ಗಾತ್ರದ ಡೀಸೆಲ್. ಈ ಕಂಪನಿ ಹೆಸರು ನಮ್ಮ ಹಳೇ ರೈಲ್ವೆಯವರಿಗೆ ಚೆನ್ನಾಗಿ ಗೊತ್ತು, ಭಾರತಕ್ಕೆ ಎಷ್ಟೋ ಸ್ಟೀಮ್ ಎಂಜಿನ್ ಕಳಿಸಿದ್ದು ಇದೇ. ಸ್ಟೀಮಲ್ಲಿ ರಾಜ, ಡೀಸೆಲಲ್ಲಿ ಮಾತ್ರ ಕೈ ಸುಟ್ಕೊಂಡ್ರು, ಆ ಎಂಜಿನ್ ದಿನಾ ಒಂದೊಂದು ಕಾಯಿಲೆ, ಕಂಪನಿನೇ 1962ರಲ್ಲಿ ಮುಚ್ಚೋಯ್ತು. ಅದೇ ಹೊತ್ತಿಗೆ ಲಂಡನ್–ಎಡಿನ್‌ಬರಾ ಲೈನಲ್ಲಿ 3,300 ಎಚ್‌ಪಿಯ ಡೆಲ್ಟಿಕ್ ಡೀಸೆಲ್ ಬಂದು, ಅಲ್ಲಿದ್ದ ಹೆಸರಾಂತ ಎ4 ಸ್ಟೀಮ್ ಎಂಜಿನ್‌ಗಳಿಗೆ ಕೆಲಸ ಇಲ್ದಂಗೆ ಆಯ್ತು. 1938ರಲ್ಲಿ 126 ಮೈಲಿ ಓಡಿ ಸ್ಟೀಮ್ ದಾಖಲೆ ಮಾಡಿದ ಮ್ಯಾಲಾರ್ಡ್ ಗೊತ್ತಲ್ಲ, ಅದೇ ಜಾತಿ. ಅವುಗಳಲ್ಲಿ ಕೆಲವನ್ನ ಅಬರ್ಡೀನ್‌ನ ಫೆರ್ರಿಹಿಲ್ ಶೆಡ್‌ಗೂ ಗ್ಲಾಸ್ಗೋದ ಸೇಂಟ್ ರೋಲಾಕ್ಸ್ ಶೆಡ್‌ಗೂ ಕಳಿಸಿದ್ರು, 1962ರಿಂದ ಮೂರು ಗಂಟೆ ಎಕ್ಸ್‌ಪ್ರೆಸ್ ಶುರು.

ಗ್ಲಾಸ್ಗೋದ ಬುಕಾನನ್ ಸ್ಟ್ರೀಟ್‌ನಿಂದ ಸ್ಟರ್ಲಿಂಗ್, ಪರ್ತ್, ಫೋರ್ಫರ್ ಮೇಲೆ ಅಬರ್ಡೀನ್, 153 ಮೈಲಿ. ಎಷ್ಟು ಬೋಗಿ? ಏಳು, ಎಂಟು, ಅಷ್ಟೇ. ಲಂಡನ್ ಲೈನಲ್ಲಿ ಹದಿಮೂರು ಬೋಗಿ ಎಳೆದ ಎಂಜಿನ್‌ಗೆ ಇದು ಬೆಳಗಿನ ವಾಕಿಂಗ್ ಇದ್ದ ಹಾಗೆ. ಪರ್ತ್‌ನಿಂದ ಫೋರ್ಫರ್ 32 ಮೈಲಿ ಚಿಲ್ಲರೆ ಹೆಚ್ಚುಕಮ್ಮಿ ನೇರ ಹಳಿ, ಅದನ್ನ ನಿಂತ ಕಡೆಯಿಂದ ನಿಲ್ಲೋ ಕಡೆಗೆ ಸರಾಸರಿ 60 ಮೈಲಿಲಿ ಹೊಡೀತಿದ್ರು. ಗ್ರ್ಯಾಂಪಿಯನ್, ಬಾನ್ ಅಕಾರ್ಡ್, ಸೇಂಟ್ ಮುಂಗೋ ಅಂತ ಗಾಡಿಗೆ ಹೆಸರು. ಇಡೀ ಬ್ರಿಟನ್ನಲ್ಲಿ ಸ್ಟೀಮ್ ಸಾಯ್ತಿರೋವಾಗ ಇಲ್ಲಿ ಮಾತ್ರ ಟೈಮ್‌ಟೇಬಲ್ ಫಾಸ್ಟ್ ಆಯ್ತು ಅನ್ನೋದು ನೋಡಿ. 1966ರ ಸೆಪ್ಟೆಂಬರಲ್ಲಿ ಎ4 ಕೆಲಸ ಮುಗೀತು, ಮರುವರ್ಷ ಸೆಪ್ಟೆಂಬರಲ್ಲಿ ಆ ಫೋರ್ಫರ್ ಮೇಲಿನ ದಾರಿನೇ ಮುಚ್ಚಿ ಎಲ್ಲ ಗಾಡಿನೂ ಡಂಡೀ ಮೇಲೆ ಕಳಿಸಿದ್ರು. ಆ ನೇರ ಹಳಿ ಕಿತ್ತಾಕಿದ್ದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ, ದುಡ್ಡಿನ ಲೆಕ್ಕದವರು ಒಪ್ಪಲ್ಲ, ಬಿಡಿ.

ಕಮ್ಮಿ ಬೋಗಿ ಹಾಕಿ ಸ್ಪೀಡ್ ತೋರ್ಸೋ ಈ ಆಟ ಹೊಸದೇನಲ್ಲ. 1895ರ ಆಗಸ್ಟಲ್ಲಿ ಲಂಡನ್‌ನಿಂದ ಅಬರ್ಡೀನ್‌ಗೆ ಪಶ್ಚಿಮದ ಕಂಪನಿಗಳಿಗೂ ಪೂರ್ವದ ಕಂಪನಿಗಳಿಗೂ ರಾತ್ರಿ ರಾತ್ರಿ ಜಿದ್ದಾಜಿದ್ದಿ ರೇಸ್ ನಡೀತು, ಎರಡೂ ದಾರಿ ಮಾಂಟ್ರೋಸ್ ದಾಟಿದ್ಮೇಲೆ ಕಿನೇಬರ್ ಜಂಕ್ಷನ್ನಲ್ಲಿ ಸೇರ್ತಿತ್ತು, ಅಲ್ಲಿ ಯಾರು ಮೊದ್ಲು ಬರ್ತಾರೋ ಅವರು ಗೆದ್ದ ಹಾಗೆ. ಕೊನೇ ರಾತ್ರಿ ಪಶ್ಚಿಮದ ಗಾಡಿ 540 ಮೈಲಿ 512 ನಿಮಿಷಕ್ಕೆ ಮುಗಿಸ್ತು, ಸರಾಸರಿ 63 ಮೈಲಿ, ಆ ಕಾಲದ ಎಂಜಿನ್ ಬ್ರೇಕ್ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ. ಆದ್ರೆ ಹಿಂದೆ ಬೋಗಿ ಎಷ್ಟು? ಮೂರು. ಬೆಳಗಾಗೋಕೆ ಮುಂಚೆ ಐದು ಗಂಟೆ ಒಳಗೆ ಅಬರ್ಡೀನಲ್ಲಿ ಇಳಿದ ಪ್ಯಾಸೆಂಜರ್ ಚಳೀಲಿ ಎಲ್ಲಿಗೆ ಹೋಗ್ಬೇಕು ಅಂತ ಯಾವ ಕಂಪನಿನೂ ಯೋಚನೆ ಮಾಡ್ಲಿಲ್ಲ. ರೇಸ್ ಮುಗಿದ್ಮೇಲೆ ಇಬ್ಬರೂ ಒಪ್ಪಂದ ಮಾಡ್ಕೊಂಡು ನಿಧಾನ ಆದ್ರು, ಲಂಡನ್–ಎಡಿನ್‌ಬರಾ ಹಗಲು ಗಾಡಿ ಎಂಟೂಕಾಲು ಗಂಟೆಗಿಂತ ಬೇಗ ಹೋಗ್ಬಾರ್ದು ಅಂತ 1932ರ ತನಕ ಕಟ್ಟುಪಾಡು. 1928ರಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಗಾಡಿ ಎಲ್ಲೂ ನಿಲ್ಲದೆ 392 ಮೈಲಿ ಓಡೋಕೆ ಶುರು ಮಾಡ್ದಾಗ್ಲೂ ಅದೇ ಎಂಟೂಕಾಲು ಗಂಟೆ! ನಡುದಾರಿಲಿ ಡ್ರೈವರ್ ಬದ್ಲಾಗೋಕೆ ಎಂಜಿನ್ ಹಿಂದಿನ ಟೆಂಡರ್, ಅಂದ್ರೆ ಕಲ್ಲಿದ್ದಲು ತುಂಬೋ ಗಾಡಿ ಒಳಗೇ ಓಣಿ ಥರ ದಾರಿ ಮಾಡಿದ್ರು, ಅಷ್ಟು ಬುದ್ಧಿ ಖರ್ಚು ಮಾಡಿ ಸ್ಪೀಡ್ ಮಾತ್ರ ಏರಿಸ್ಲಿಲ್ಲ.

ಇನ್ನು ದೊಡ್ಡ ಲೋಡ್ ನೋಡ್ಬೇಕು ಅಂದ್ರೆ ಕಾರ್ಲೈಲ್–ಗ್ಲಾಸ್ಗೋ ಲೈನಿಗೆ ಹೋಗ್ಬೇಕು. ಅಲ್ಲಿ ಬೀಟಕ್ ಏರು ಇದೆ, ಹತ್ತು ಮೈಲಿ, ಸರಾಸರಿ 75ಕ್ಕೆ 1, ತುದಿ ಸಮುದ್ರ ಮಟ್ಟಕ್ಕಿಂತ ಸಾವಿರ ಅಡಿ ಮೇಲೆ. ಎಂಜಿನ್ ಸೇರಿ 600 ಟನ್ ಗಾಡಿನ 40 ಮೈಲಿ ಸ್ಪೀಡಲ್ಲಿ ಇದರ ಮೇಲೆ ಎತ್ತೋಕೆ ಬರೀ ಭಾರಕ್ಕೇ 1,900 ಎಚ್‌ಪಿ ಹತ್ರ ಬೇಕು, ಗಾಳಿ ತಡೆ, ಚಕ್ರದ ತಡೆ ಬೇರೆ. ಹಂಗಾಗಿ ಸ್ಟೀಮ್ ಕಾಲದಲ್ಲಿ ಕೆಳಗೆ ಬೀಟಕ್ ಸ್ಟೇಷನ್ನಲ್ಲಿ ಬ್ಯಾಂಕರ್ ಎಂಜಿನ್ ಸದಾ ಕಾಯ್ತಾ ಇರ್ತಿತ್ತು. 1937ರ ಕೊರೊನೇಷನ್ ಸ್ಕಾಟ್ ಅನ್ನೋ ಗಾಡಿ ಲಂಡನ್–ಗ್ಲಾಸ್ಗೋ 401 ಮೈಲಿ ಆರೂವರೆ ಗಂಟೆಲಿ ಹೋಗ್ತಿತ್ತು, ನೀಲಿ ಎಂಜಿನ್ ಮೇಲೆ ಬೆಳ್ಳಿ ಪಟ್ಟೆ, ನೋಡೋಕೆ ಎರಡು ಕಣ್ಣು ಸಾಲದು, ಆದ್ರೆ ಮತ್ತೆ ಅದೇ, ಒಂಬತ್ತೇ ಬೋಗಿ. ಅದಕ್ಕೂ ಮುಂಚೆ 1936ರ ನವೆಂಬರಲ್ಲಿ ಪ್ರಿನ್ಸೆಸ್ ಎಲಿಜಬೆತ್ ಅನ್ನೋ ಎಂಜಿನ್ ಟ್ರಯಲಲ್ಲಿ 5 ಗಂಟೆ 53 ನಿಮಿಷಕ್ಕೆ ಗ್ಲಾಸ್ಗೋ ಮುಟ್ಟಿತ್ತು, ಏಳು ಬೋಗಿ, ಮಾರನೇ ದಿನ ಎಂಟು ಬೋಗಿ ಎಳ್ಕೊಂಡು 5 ಗಂಟೆ 44 ನಿಮಿಷಕ್ಕೆ ವಾಪಸ್. ನನಗೆ ಅದಕ್ಕಿಂತ ದೊಡ್ಡದು ಅನ್ಸೋದು 1939ರ ಫೆಬ್ರವರಿಲಿ ಡಚೆಸ್ ಆಫ್ ಅಬರ್‌ಕಾರ್ನ್ ಅನ್ನೋ ಎಂಜಿನ್ ಮಾಡಿದ ಕೆಲಸ: 20 ಬೋಗಿ, 605 ಟನ್, ಇಂಗ್ಲೆಂಡಿನ ಕ್ರೂ ಅನ್ನೋ ಊರಿಂದ ಗ್ಲಾಸ್ಗೋಗೆ ಹೋಗಿ ಅದೇ ದಿನ ವಾಪಸ್, ಒಂದೇ ಎಂಜಿನ್. ಪೇಪರಲ್ಲಿ ಬರೋದು ಸ್ಪೀಡ್ ದಾಖಲೆ, ಶೆಡ್ಡಲ್ಲಿ ಮಾತಾಡೋದು ಇಂಥದ್ದು.

ಡೀಸೆಲ್ ಬಂದಾಗ ಇಲ್ಲೂ ನಿಮ್ಮ 27ರ ಕಥೆನೇ. ಒಂದು ಎಂಜಿನ್ ಸಾಲ್ದೇ ಹೋದಾಗ 1970ರಿಂದ ಕ್ಲಾಸ್ 50 ಎರಡೆರಡು ಜೋಡಿಸಿ ಕ್ರೂನಿಂದ ಗ್ಲಾಸ್ಗೋಗೆ ಎಳೆಸಿದ್ರು, ಒಂದೊಂದು 2,700 ಎಚ್‌ಪಿ, ಇಲ್ಲಿ ಎರಡೂ ಮುಂದೆನೇ. ರಾಯಲ್ ಸ್ಕಾಟ್ ಅನ್ನೋ ಲಂಡನ್–ಗ್ಲಾಸ್ಗೋ ಗಾಡಿ ಟೈಮ್ ಆರು ಗಂಟೆಗೆ ಇಳೀತು. ಅದು ನಾಲ್ಕೇ ವರ್ಷದ ವೈಭೋಗ, 1974ರ ಮೇನಲ್ಲಿ ಗ್ಲಾಸ್ಗೋ ತನಕ ಕರೆಂಟ್ ಬಂತು, 5,000 ಎಚ್‌ಪಿಯ ಕ್ಲಾಸ್ 87 ಒಂದೇ ಸಾಕು, ಐದು ಗಂಟೆ. ಬೀಟಕ್ ಏರೇ ಇಲ್ಲವೇನೋ ಅನ್ನೋ ಹಾಗೆ ಹತ್ತುತ್ತೆ. ಆಮೇಲೆ ವಾಲಿಕೊಂಡು ತಿರುವು ತಿರುಗೋ ಎಪಿಟಿ ಅನ್ನೋ ಹೊಸ ಥರದ ಟ್ರೈನ್ ಬಂತು, 1981ರ ಡಿಸೆಂಬರಲ್ಲಿ ಜನರನ್ನ ಕೂರಿಸ್ಕೊಂಡು ಓಡ್ತು, ಅದರದ್ದು ವಿಚಿತ್ರ ಜೋಡಣೆ, ಎಂಜಿನ್ ಬೋಗಿ ಎರಡೂ ಟ್ರೈನಿನ ನಟ್ಟನಡುವೆ, ಹಂಗಾಗಿ ಈ ಅರ್ಧದವರು ಆ ಅರ್ಧಕ್ಕೆ ಸಲೀಸಾಗಿ ಓಡಾಡೋ ಹಾಗಿಲ್ಲ, ಎರಡು ಟ್ರೈನ್ ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ. ಜನಕ್ಕೆ ತಲೆ ಸುತ್ತು ಬಂತು, ಚಳಿಗೆ ಕೆಟ್ಟು ನಿಲ್ತು, ಎಲ್ಲ ಆಯ್ತು. ಆದ್ರೂ 1984ರ ಡಿಸೆಂಬರಲ್ಲಿ ಲಂಡನ್‌ನಿಂದ ಗ್ಲಾಸ್ಗೋಗೆ 3 ಗಂಟೆ 52 ನಿಮಿಷ 40 ಸೆಕೆಂಡಿಗೆ ಹೋಯ್ತು. 2021ರ ಜೂನಲ್ಲಿ ಈಗಿನ ಪೆಂಡೊಲಿನೊ ಗಾಡಿ ಆ ದಾಖಲೆ ಮುರೀತೀವಿ ಅಂತ ಹೊರಟು 21 ಸೆಕೆಂಡಲ್ಲಿ ಸೋತೋಯ್ತು. ತಾತನಿಗೆ ಇದನ್ನ ಹೇಳಿ, ಒಂದು ಬಿಸ್ಕೆಟ್ ಪ್ಯಾಕೆಟ್ ಆದ್ರೂ ಸಿಗುತ್ತೆ.

ಇನ್ವರ್ನೆಸ್ ಲೈನ್ ಬಗ್ಗೆ ನೀವು ಕೇಳಿಲ್ಲ, ಒಂದೆರಡು ಮಾತು ಹೇಳಿ ಬಿಡ್ತೀನಿ. ಪರ್ತ್‌ನಿಂದ 118 ಮೈಲಿ, ಹೆಚ್ಚಿನ ಕಡೆ ಒಂದೇ ಹಳಿ, ಡ್ರಮಾಕ್ಟರ್ ಕಣಿವೇಲಿ 1,484 ಅಡಿ, ಬ್ರಿಟನ್ ಮೇನ್ ಲೈನಲ್ಲೇ ಅತಿ ಎತ್ತರದ ಜಾಗ, ಅದು ಇಳಿದ್ರೆ ಮತ್ತೆ ಸ್ಲಾಕ್ಡ್ ಏರು, 60ಕ್ಕೆ 1. ಅಲ್ಲಿ ಟಾಪ್ ಸ್ಪೀಡ್ ಮಾತಾಡೋದೇ ವ್ಯರ್ಥ. ಸ್ಟೀಮಲ್ಲಿ ಬ್ಲ್ಯಾಕ್ ಫೈವ್ ಅನ್ನೋ ಎಂಜಿನ್ ಎರಡು ಜೋಡಿ, ಡೀಸೆಲಲ್ಲಿ 1,160 ಎಚ್‌ಪಿಯ ಕ್ಲಾಸ್ 26 ಎರಡು ಜೋಡಿ, ಎದುರು ಗಾಡಿ ಬರೋ ತನಕ ಪಕ್ಕದ ಲೂಪ್ ಹಳಿಲಿ ಕಾಯೋದು. 1984ರಲ್ಲಿ ಲಂಡನ್ ತನಕ ಸೀದಾ ಹೋಗೋ ಹೈಲ್ಯಾಂಡ್ ಚೀಫ್ಟನ್ ಅಂತ ಎಚ್‌ಎಸ್‌ಟಿ (ಹೈ ಸ್ಪೀಡ್ ಟ್ರೈನ್) ಬಂತು, ಎರಡು ತುದಿಗೂ 2,250 ಎಚ್‌ಪಿಯ ಪವರ್ ಕಾರ್. ಮುಂದೊಂದು ಹಿಂದೊಂದು, ಮತ್ತೆ ಅದೇ ಜೋಡಣೆ. 2018ರಿಂದ ಅದೇ ಹಳೇ ಎಚ್‌ಎಸ್‌ಟಿಗಳನ್ನ ನಾಲ್ಕೈದು ಬೋಗಿಗೆ ಗಿಡ್ಡ ಮಾಡಿ ಸ್ಕಾಟ್ಲೆಂಡ್ ಊರುಗಳ ನಡುವೆನೇ ಓಡಿಸೋಕೆ ಶುರು ಮಾಡಿದ್ರು, ನಾಲ್ಕು ಬೋಗಿಗೆ 4,500 ಎಚ್‌ಪಿ, 1971ರ ಡ್ರೈವರ್ ಕಂಡಿದ್ರೆ ಹೊಟ್ಟೆ ಉರ್ಕೊಳ್ತಿದ್ದ.

ನೀವೇ ಸ್ಪೀಡ್ ಅಳೀಬೇಕು ಅಂದ್ರೆ ಆ್ಯಪ್ ಬೇಡ, ತಾತನ ಹತ್ರ ಕೇಳಿದ್ರೂ ಅವರು ಇದೇ ಹೇಳ್ತಾರೆ. ಹಳಿ ಪಕ್ಕ ಕಾಲು ಮೈಲಿಗೊಂದು ಗೂಟ ಇರುತ್ತೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ನೋಡಿ, 900ನ್ನ ಅದರಿಂದ ಭಾಗಿಸಿ, ಅದೇ ಸ್ಪೀಡ್. 10 ಸೆಕೆಂಡ್ ಬಂದ್ರೆ 90 ಮೈಲಿ, 9 ಬಂದ್ರೆ 100. ಹಳೇ ಕಾಲದ ರೈಲು ಹುಚ್ಚರು ನೋಟ್‌ಬುಕ್ ತುಂಬ ಹೀಗೇ ಬರೆದಿಟ್ಟಿದ್ದಕ್ಕೇ ಇವತ್ತು ನಾವು ಇಷ್ಟು ಮಾತಾಡೋಕೆ ಆಗಿರೋದು.

ಮಗನ ಟ್ರೈನಿಗೆ ಬರೋಣ. ಇನ್ನೊಂದು 27 ತಗೊಳ್ಳಿ, ಅದು ಬೇಕೇ ಬೇಕು, ಮೋಟರ್ ಇಲ್ದೇ ಇರೋ ಡಮ್ಮಿ ಸಿಕ್ರೂ ಸಾಕು, ಇಲ್ಲಾಂದ್ರೆ ಎರಡೂ ಮೋಟರ್ ಒಂದೇ ಸ್ಪೀಡಲ್ಲಿ ತಿರುಗದೆ ನಡುವಿನ ಬೋಗಿ ಹಳಿ ಬಿಡುತ್ತೆ. ನಿಮ್ಮದು ಓಓ ಗೇಜ್ ಆಗಿದ್ರೆ 76ರಲ್ಲಿ 1 ಪಾಲು, ಬೋಗಿ ಒಂದೊಂದು 26 ಸೆಂಟಿಮೀಟರ್ ಚಿಲ್ಲರೆ, ಎಂಜಿನ್ 20, ಒಟ್ಟು ಎರಡು ಮೀಟರ್. ಪ್ಲಾಟ್‌ಫಾರ್ಮ್ ಅಷ್ಟಾದ್ರೂ ಉದ್ದ ಇರ್ಲಿ. ಸ್ಪೀಡ್ ವಿಷಯಕ್ಕೆ ಮಕ್ಕಳು ಎಲ್ರೂ ರಾಕೆಟ್ ಥರ ಬಿಡ್ತಾರೆ. ನಿಜವಾದ 90 ಮೈಲಿ ಆ ಅಳತೇಲಿ ಸೆಕೆಂಡಿಗೆ 53 ಸೆಂಟಿಮೀಟರ್ ಅಷ್ಟೇ, ನೆಲದ ಮೇಲೆ ಒಂದು ಮೀಟರ್ ಗುರುತು ಹಾಕಿ, ಎಂಜಿನ್ನಿನ ಮೂಗು ಅದನ್ನ ದಾಟೋಕೆ ಎರಡು ಸೆಕೆಂಡ್ ಹತ್ರ ಆಗ್ಬೇಕು. ಅದಕ್ಕಿಂತ ಬೇಗ ಹೋದ್ರೆ ತಾತನ್ನ ಕರೀರಿ, ಅವರೇ ಬಯ್ತಾರೆ.